ಕೊನೆಯ ಎಣ್ಣೆ ಮೇಸ್ತ್ರಿ ಕೈಯಿಂದ

ಐವತ್ತಾರು ವರ್ಷದ ಗಂಡಸು ಭಾನುವಾರ ಬೆಳಿಗ್ಗೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು ಆಟದ ಸಾಮಾನು ಜೋಡಿಸುತ್ತಾ ಕೂತರೆ ಹೆಂಡತಿಯಾದವಳು ನಗಬಾರದು ಎಂದು ಎಲ್ಲೂ ಬರೆದಿಲ್ಲ. ನಾನು ನಕ್ಕೆ.

"ನಗು, ನಗು" ಎಂದರು ತಲೆ ಎತ್ತದೆ. "ಶನಿವಾರ ಇಡೀ ಗ್ಯಾರೇಜು ಬಾಯಿ ಬಿಟ್ಕೊಂಡು ನೋಡುತ್ತೆ. ಆವಾಗ ನೀನು ನಗೋದನ್ನ ನಾನೂ ನೋಡ್ತೀನಿ."

ನಮ್ಮವರು ಕಾರು ಗ್ಯಾರೇಜಿನಲ್ಲಿ ದೊಡ್ಡ ಮೆಕ್ಯಾನಿಕ್. ಮೂವತ್ತೊಂದು ವರ್ಷದಿಂದ ಗೇರ್‌ಬಾಕ್ಸ್ ಬಿಟ್ಟು ಬೇರೆ ಯಾವುದಕ್ಕೂ ಕೈ ಹಾಕಿದವರಲ್ಲ. ಅಲ್ಲಿ ಎಲ್ಲರೂ ಅವರನ್ನು ಮೇಸ್ತ್ರಿ ಎನ್ನುತ್ತಾರೆ. ಹಾಗೆ ಕರೆಸಿಕೊಂಡು ಕರೆಸಿಕೊಂಡು ಮನೆಗೆ ಬಂದ ಮೇಲೂ ಆ ಗತ್ತು ಇಳಿಯುವುದಿಲ್ಲ. ಕುಕ್ಕರಿನ ಮುಚ್ಚಳ ಸರಿಯಾಗಿ ಕೂತಿದೆಯೋ ಇಲ್ಲವೋ ಎಂದು ಕಿವಿ ಕೊಟ್ಟು ಕೇಳಿ ತೀರ್ಪು ಹೇಳುತ್ತಾರೆ. ನಾನು ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತೇನೆ. ಇಪ್ಪತ್ತೆಂಟು ವರ್ಷದಿಂದ. ನನ್ನನ್ನು ಯಾರೂ ಮೇಸ್ತ್ರಿ ಎನ್ನುವುದಿಲ್ಲ, ಅದು ಬೇರೆ ಮಾತು.

ಈಗೀಗ ಬರುವ ಕೆಲವು ಕಾರುಗಳಲ್ಲಿ ಗೇರು ಬದಲಿಸುವ ಕೆಲಸವೇ ಇಲ್ಲ. ಒಳಗೆ ಹಲ್ಲಿನ ಚಕ್ರಗಳ ಬದಲು ಎರಡು ರಾಟೆ, ಅವುಗಳ ನಡುವೆ ಒಂದು ಬೆಲ್ಟು. ರಾಟೆಗಳು ಹಿಗ್ಗಿ ಕುಗ್ಗಿದಂತೆ ಬೆಲ್ಟು ಮೇಲೆ ಕೆಳಗೆ ಸರಿದು, ವೇಗ ಎಲ್ಲೂ ಜರ್ಕ್ ಹೊಡೆಯದೆ ಏರುತ್ತದೆ, ಇಳಿಯುತ್ತದೆ. ಒಂದನೇ ಗೇರು, ಎರಡನೇ ಗೇರು ಎನ್ನುವ ಮೆಟ್ಟಿಲೇ ಇಲ್ಲ. ನಮ್ಮವರಿಗೆ ಇದನ್ನು ಕಂಡರೆ ಮೈಯೆಲ್ಲ ಉರಿ. "ಹಲ್ಲಿಲ್ಲ, ಕಚ್ಚೋದಿಲ್ಲ, ಬರೀ ಉಜ್ಜಿಕೊಂಡು ಓಡೋದು. ಇದನ್ನ ಗೇರ್‌ಬಾಕ್ಸ್ ಅಂತ ಕರೆಯೋಕೆ ನಾಚಿಕೆ ಆಗಬೇಕು" ಎನ್ನುತ್ತಿದ್ದರು.

ನಾಚಿಕೆ ಯಾರಿಗೂ ಆಗಲಿಲ್ಲ, ಕಾರುಗಳು ಮಾತ್ರ ಒಂದರ ಹಿಂದೆ ಒಂದು ಬರುತ್ತಲೇ ಇದ್ದವು. ಕೊನೆಗೆ ಮಾಲೀಕರು ಹೊಸ ವಿಭಾಗವನ್ನೇ ತೆರೆಯುವುದಾಗಿ ಹೇಳಿದರು. ಶನಿವಾರ ಕಾರು ಕಂಪನಿಯಿಂದ ತರಬೇತಿಯ ಮೇಡಂ ಬರುತ್ತಾರೆ; ಅವರ ಮುಂದೆ ಆ ಗೇರ್‌ಬಾಕ್ಸಿನ ಮಾದರಿ ಮಾಡಿ, ಎಲ್ಲರಿಗೂ ಅರ್ಥವಾಗುವಂತೆ ವಿವರಿಸಿದವರಿಗೇ ವಿಭಾಗ. ಅದನ್ನು ಅಷ್ಟೊಂದು ಬೈಯುತ್ತಿದ್ದ ನಮ್ಮವರು ಅದರ ಯಜಮಾನಿಕೆ ಮಾತ್ರ ಬೇರೆಯವರಿಗೆ ಹೋಗಬಾರದು ಎಂದು ಪಟ್ಟು ಹಿಡಿದರು. ಹಾಗಾಗಿ ಅಟ್ಟದ ಮೇಲಿದ್ದ, ಮಗಳು ಚಿಕ್ಕವಳಿದ್ದಾಗಿನ ಆಟದ ಸಾಮಾನಿನ ಡಬ್ಬ ಕೆಳಗಿಳಿದಿತ್ತು. ತೂತು ತೂತಿನ ಪ್ಲಾಸ್ಟಿಕ್ ಪಟ್ಟಿಗಳು, ಕಡ್ಡಿಗಳು, ಚಕ್ರಗಳು, ಹಿಡಿಯಷ್ಟು ಸ್ಕ್ರೂ.

ಇಲ್ಲಿ ನನ್ನ ತಮ್ಮನ ವಿಷಯ ಹೇಳಬೇಕು. ಹೇಳದಿದ್ದರೆ ಆ ಡಬ್ಬ ಕಂಡು ನಕ್ಕರೂ ನನಗೆ ಯಾಕೆ ಖುಷಿಯಿರಲಿಲ್ಲ ಎಂದು ತಿಳಿಯುವುದಿಲ್ಲ.

ತಮ್ಮನೂ ಅದೇ ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಇವರೇ ಸೇರಿಸಿದ್ದು, ಇವರೇ ಕೆಲಸ ಕಲಿಸಿದ್ದು. ಹದಿನಾರು ವರ್ಷ ಇವರ ಪಕ್ಕದಲ್ಲೇ ಸ್ಪ್ಯಾನರ್ ಹಿಡಿದವನು. ಪ್ರತಿ ಭಾನುವಾರ ಮಧ್ಯಾಹ್ನದ ಊಟ ನಮ್ಮಲ್ಲೇ. ಮೂರು ತಿಂಗಳ ಹಿಂದೆ ಆ ಹಲ್ಲಿಲ್ಲದ ಗೇರ್‌ಬಾಕ್ಸಿನ ಮೂರು ಕಾರು, ಇವರಲ್ಲಿ ಸರ್ವಿಸ್ ಮಾಡಿಸಿಕೊಂಡು ಹೋದವು, ಹತ್ತು ಹದಿನೈದು ದಿನಕ್ಕೆ ವಾಪಸ್ಸು ಬಂದವು. ಎಂಜಿನ್ ಅರಚುತ್ತದೆ, ಕಾರು ಮುಂದೆ ಹೋಗುವುದಿಲ್ಲ. ಒಳಗೆ ಬೆಲ್ಟು ಜಾರುತ್ತಿದೆ. ಮಾಲೀಕರು "ಯಾರು ಬಿಚ್ಚಿದ್ದು?" ಎಂದು ಕೇಳಿದರು. ಮೂರನ್ನೂ ಬಿಚ್ಚಿ, ತೊಳೆದು, ಮುಚ್ಚಿದವನು ತಮ್ಮ. "ಜೋಡಿಸೋದ್ರಲ್ಲಿ ಎಡವಿದಾನೆ" ಎಂದು ಮೇಸ್ತ್ರಿ ಬರೆದು ಸಹಿ ಹಾಕಿದರು. ಮರುದಿನದಿಂದ ತಮ್ಮನಿಗೆ ಕಾರು ತೊಳೆಯುವ ಕೆಲಸ. ಹದಿನಾರು ವರ್ಷ ಸ್ಪ್ಯಾನರ್ ಹಿಡಿದ ಕೈಗೆ ನೀರಿನ ಪೈಪು.

ಅವನು ಜಗಳವಾಡಲಿಲ್ಲ. ಭಾನುವಾರ ಬರುವುದನ್ನು ನಿಲ್ಲಿಸಿದ, ಅಷ್ಟೇ. ನಾನೇನು ಮಾಡಿದೆ? ಫೋನ್ ಮಾಡಿ, "ಸ್ವಲ್ಪ ನೋಡ್ಕೊಂಡು ಮಾಡಬಾರದಿತ್ತೇನೋ" ಎಂದೆ. ಒಡಹುಟ್ಟಿದವನಿಗೆ ಆ ಮಾತು ಹೇಳಿದ್ದು ನೆನಪಾದಾಗಲೆಲ್ಲ ಈಗಲೂ ನಾಲಿಗೆ ಕಚ್ಚಿಕೊಳ್ಳುತ್ತೇನೆ.

ಸರಿ, ಭಾನುವಾರದ ಮಾದರಿಗೆ ಬರೋಣ. ರಾಟೆ ಹಿಗ್ಗಿಸುವುದು ಆಟದ ಸಾಮಾನಿನಲ್ಲಿ ಆಗದ ಮಾತು. ಅದರ ಬದಲು ಎರಡು ಶಂಕುಗಳನ್ನು ಒಂದಕ್ಕೊಂದು ತಲೆಕೆಳಗಾಗಿ ಪಕ್ಕಪಕ್ಕ ಮಲಗಿಸಬೇಕು, ಒಂದರ ದಪ್ಪ ತುದಿಯ ಎದುರು ಇನ್ನೊಂದರ ಸಣ್ಣ ತುದಿ. ಎರಡಕ್ಕೂ ಒಂದು ಬೆಲ್ಟು. ಬೆಲ್ಟನ್ನು ಈ ತುದಿಯಿಂದ ಆ ತುದಿಗೆ ಸರಿಸುತ್ತಾ ಹೋದರೆ ವೇಗ ತಾನಾಗಿ ಬದಲಾಗುತ್ತದೆ. ಉಪಾಯವೇನೋ ಚೆನ್ನಾಗಿತ್ತು. ಡಬ್ಬದಲ್ಲಿ ಶಂಕು ಇರಲಿಲ್ಲ. ಇವರು ಚಿಕ್ಕದರಿಂದ ದೊಡ್ಡದರವರೆಗೆ ಆರು ಚಕ್ರಗಳನ್ನು ಒಂದೇ ಕಡ್ಡಿಗೆ ಸಾಲಾಗಿ ಪೋಣಿಸಿದರು. ಬೆಲ್ಟು ಒಂದು ಚಕ್ರದಿಂದ ಇನ್ನೊಂದಕ್ಕೆ ಟಕ್ಕೆಂದು ಹಾರಿತು. ಇವರ ಮುಖ ಅರಳಿತು.

"ಒಂದನೇ ಗೇರು. ಎರಡನೇ ಗೇರು. ಕೇಳಿಸ್ತಾ?"

"ಮೆಟ್ಟಿಲು ಇರಬಾರದು ಅಂತ ನೀವೇ ತಾನೇ ಹೇಳಿದ್ದು?" ಎಂದೆ. "ಇದು ನಿಮ್ಮ ಹಳೇ ಗೇರ್‌ಬಾಕ್ಸೇ ಆಯ್ತಲ್ಲ."

ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಎರಡು ದಿನವೂ ಗ್ಯಾರೇಜಿನಿಂದ ಬಂದವರೇ ಚಕ್ರಗಳನ್ನು ಬೇರೆ ಬೇರೆ ಕ್ರಮದಲ್ಲಿ ಪೋಣಿಸಿದರು, ಪ್ರತಿ ಸಲವೂ ಟಕ್ ಟಕ್ ಎಂದು ಅದೇ ಹಳೇ ಗೇರ್‌ಬಾಕ್ಸ್ ಹುಟ್ಟಿತು. ಬುಧವಾರ ನನಗೇ ಕರುಳು ಚುರುಕ್ ಎಂದು, ದಾರ ಮುಗಿದ ಎರಡು ಪ್ಲಾಸ್ಟಿಕ್ ಕೋನು ತಂದು ಅವರ ಮುಂದಿಟ್ಟೆ. ಹೊಲಿಗೆಯ ದಾರ ಸುತ್ತಿ ಬರುವ ಕೋನು, ಒಂದು ತುದಿ ಸಣ್ಣ, ಒಂದು ತುದಿ ದಪ್ಪ. ನನ್ನ ಮೇಜಿನ ಕೆಳಗೆ ಅಂಥವು ಒಂದು ಚೀಲ ತುಂಬ ಬಿದ್ದಿರುತ್ತವೆ. ಅವರು ಕೋನನ್ನು ನೋಡಿದರು, ನನ್ನನ್ನು ನೋಡಿದರು, "ಇದನ್ನೇ ನಾನು ಯೋಚನೆ ಮಾಡ್ತಿದ್ದೆ" ಎಂದರು.

ಇರಲಿ. ಹಳೆಯ ಸ್ಕೂಟರ್ ಟ್ಯೂಬನ್ನು ಅಡ್ಡಡ್ಡವಾಗಿ ಬಳೆಯಂತೆ ಕತ್ತರಿಸಿಕೊಡಲು ರಸ್ತೆ ತಿರುವಿನ ಪಂಕ್ಚರ್ ಅಂಗಡಿಯವನಿಗೆ ಹೇಳಿ, ಅದನ್ನೇ ಬೆಲ್ಟು ಮಾಡಿದರು. ಆಟದ ಪಟ್ಟಿಗಳಿಂದ ಚೌಕಟ್ಟು, ಒಂದು ಕಡ್ಡಿಗೆ ಹಿಡಿಕೆ, ಇನ್ನೊಂದಕ್ಕೆ ಕೆಂಪು ಚಕ್ರ. ಬೆಲ್ಟನ್ನು ಆಚೀಚೆ ಸರಿಸಲು ಎರಡು ಬೆರಳಿನಂಥ ಒಂದು ಕವೆ. ಗುರುವಾರ ಕೆಲಸಕ್ಕೆ ಹೊರಡುವ ಮೊದಲು ನನ್ನನ್ನು ಕೂಗಿ ಕರೆದು ಹಿಡಿಕೆ ತಿರುಗಿಸಿದರು. ತಿರುಗಿಸುತ್ತಲೇ ಕವೆಯನ್ನು ಮೆಲ್ಲಗೆ ಸರಿಸಿದರು. ಕೆಂಪು ಚಕ್ರ ನಿಧಾನವಾಗಿ ಸುತ್ತುತ್ತಿದ್ದದ್ದು ಜೋರಾಯಿತು, ಇನ್ನೂ ಜೋರಾಯಿತು. ಯಾವಾಗ ಜೋರಾಯಿತು ಎಂದು ಬೆರಳಿಟ್ಟು ತೋರಿಸಲು ಆಗುತ್ತಿರಲಿಲ್ಲ.

ಅವರು ಕವೆಯನ್ನು ಹಿಂದಕ್ಕೂ ಮುಂದಕ್ಕೂ ಇನ್ನೆರಡು ಸಲ ಸರಿಸಿದರು. "ನುಣ್ಣಗೆ ಹೋಯ್ತು ಕಣೇ" ಎಂದರು ಕೊನೆಗೆ, ಯಾರೋ ಬೇರೆಯವರ ಮಗುವನ್ನು ಎತ್ತಿಕೊಂಡವರ ಹಾಗೆ. ನಿಜ ಹೇಳಬೇಕೆಂದರೆ ಆ ಕ್ಷಣ ನನಗೆ ಅವರ ಮೇಲೆ ತುಂಬ ಪ್ರೀತಿ ಬಂತು.

ಆದರೆ ಅವರು ಅಲ್ಲಿಗೆ ನಿಲ್ಲಿಸಲಿಲ್ಲ. ಆ ಗ್ಯಾರೇಜಿನಲ್ಲಿ ಒಂದು ಪದ್ಧತಿ ಇದೆ. ಗೇರ್‌ಬಾಕ್ಸ್ ಯಾರೇ ಬಿಚ್ಚಲಿ, ಯಾರೇ ಮುಚ್ಚಲಿ, ಕೊನೆಗೆ ಎಣ್ಣೆ ಹುಯ್ಯುವುದು ಮೇಸ್ತ್ರಿಯೇ. ಬೇರೆ ಯಾರೂ ಎಣ್ಣೆ ಹುಯ್ಯುವ ಕೊಳವೆ ಮುಟ್ಟುವ ಹಾಗಿಲ್ಲ. ಇವರ ಗುರು ಹಾಗೆ ಮಾಡುತ್ತಿದ್ದರಂತೆ, ಅವರ ನಂತರ ಇವರು. ಕೈಗೆ ಅಷ್ಟು ವರ್ಷದ ರೂಢಿ. ಮಾದರಿ ಮುಗಿಯಿತು ಎಂದು ಮನಸ್ಸಿಗೆ ಅನಿಸಿದ್ದೇ ತಡ, ಕೈ ತಾನಾಗಿ ನನ್ನ ಹೊಲಿಗೆ ಮಷೀನಿನ ಎಣ್ಣೆ ಡಬ್ಬಿಯ ಕಡೆ ಹೋಯಿತು. ನಾನು ಬಾಯಿ ತೆರೆಯುವುದರೊಳಗೆ ಕೋನಿನ ಮೇಲೆ ಎರಡು ಹನಿ, ಬೆಲ್ಟಿನ ಮೇಲೆ ಎರಡು ಹನಿ.

ಹಿಡಿಕೆ ತಿರುಗಿಸಿದರು. ಹಿಡಿಕೆ ತಿರುಗಿತು, ಈ ಕಡೆಯ ಕೋನು ತಿರುಗಿತು. ಕೆಂಪು ಚಕ್ರ ನನಗೂ ನಿಮಗೂ ಸಂಬಂಧವೇ ಇಲ್ಲ ಎಂಬಂತೆ ನಿಂತಿತ್ತು.

ಜೋರಾಗಿ ತಿರುಗಿಸಿದರು. ಊಹೂಂ.

"ಆ ಪಂಕ್ಚರಿನವನು ಸರಿಯಾಗಿ ಕತ್ತರಿಸಿಲ್ಲ" ಎಂದರು.

ನನಗೆ ಎಲ್ಲಿತ್ತೋ ಸಿಟ್ಟು. "ಈಗಿನ್ನೂ ಓಡ್ತಿತ್ತಲ್ರೀ! ಎಣ್ಣೆ ಹಾಕಿದ್ದು ನೀವು, ತಪ್ಪು ಪಂಕ್ಚರಿನವಂದಾ? ನಾನು ಇಷ್ಟು ವರ್ಷದಿಂದ ಮಷೀನಿಗೆ ಎಣ್ಣೆ ಬಿಡೋವಾಗ ಮೊದಲು ಬೆಲ್ಟ್ ಬಿಚ್ಚಿ ಇಡ್ತೀನಿ. ಬೆಲ್ಟಿಗೆ ಎಣ್ಣೆ ತಾಗಿದ್ರೆ ಜಾರುತ್ತೆ ಅನ್ನೋದು ಹೊಲಿಗೆ ಕಲಿಯೋಕೆ ಬಂದ ಮೊದಲ ದಿನಾನೇ ಗೊತ್ತಾಗುತ್ತೆ."

"ಇದು ಆಟದ ಸಾಮಾನು. ಕಾರಿನ ಒಳಗೆ ಎಣ್ಣೆ ಇರಲೇಬೇಕು. ನಿಂಗೇನು ಗೊತ್ತು?"

"ಇರಲಿ. ಆ ಮೂರು ಕಾರಿಗೆ ಯಾವ ಎಣ್ಣೆ ಹಾಕಿದ್ರಿ?"

ನಾನು ಏನೋ ದೊಡ್ಡದು ಕಂಡುಹಿಡಿಯಬೇಕೆಂದು ಕೇಳಿದ್ದಲ್ಲ. ಮಾತಿಗೆ ಮಾತು ಬಂತು, ಕೇಳಿದೆ. ಅವರು ಎಣ್ಣೆ ಡಬ್ಬಿಯ ಮುಚ್ಚಳ ಬಿಗಿ ಮಾಡಿ ಕೆಳಗಿಟ್ಟರು.

"ಗ್ಯಾರೇಜಿನ ದೊಡ್ಡ ಡ್ರಮ್ಮಿಂದು" ಎಂದರು. "ಎಲ್ಲ ಗೇರ್‌ಬಾಕ್ಸಿಗೂ ಯಾವಾಗ್ಲೂ ಹಾಕೋದೇ. ಕಂಪನಿಯವರು ಅದಕ್ಕೇ ಅಂತ ಸಣ್ಣ ಡಬ್ಬಿ ಕಳಿಸ್ತಾರೆ. ಅದೆಲ್ಲ ವ್ಯಾಪಾರದ ಆಟ. ಎಣ್ಣೆ ಅಂದ್ರೆ ಎಣ್ಣೆ."

ಹೇಳುತ್ತಾ ಹೇಳುತ್ತಾ ಅವರ ದನಿ ಸಣ್ಣದಾಯಿತು. ಎದ್ದು ನನ್ನ ಕತ್ತರಿಸುವ ಮೇಜಿನ ಬಳಿ ಬಗ್ಗಿದರು. ಕಂಪನಿಯವರು ಆ ಗೇರ್‌ಬಾಕ್ಸಿನ ಬಗ್ಗೆ ಕೊಟ್ಟಿದ್ದ ಕೈಪಿಡಿ ಅಲ್ಲಿತ್ತು. ಆರು ತಿಂಗಳ ಹಿಂದೆ ಮೇಜು ಕುಣಿಯುತ್ತದೆ ಎಂದಾಗ ಅವರೇ ಅದನ್ನು ಮಡಚಿ ಕಾಲಿನ ಕೆಳಗೆ ಕೊಟ್ಟಿದ್ದರು. ಎಳೆದು ತೆಗೆದು, ದೂಳು ಕೊಡವಿ, ಪುಟ ತಿರುವಿದರು. ಒಂದು ಪುಟದಲ್ಲಿ ನಿಂತರು. ನಾನೂ ಹೆಗಲ ಮೇಲಿಂದ ಇಣುಕಿದೆ. ದಪ್ಪಕ್ಷರದಲ್ಲಿ, ಚೌಕದೊಳಗೆ, ಎರಡು ಸಲ ಬರೆದಿತ್ತು: ಈ ಡಬ್ಬಿಯ ಎಣ್ಣೆ ಬಿಟ್ಟು ಬೇರೆ ಹಾಕಕೂಡದು, ಹಾಕಿದರೆ ಬೆಲ್ಟು ಜಾರುತ್ತದೆ. ಈ ಎಣ್ಣೆ ಬೆಲ್ಟನ್ನು ಹಿಡಿದುಕೊಳ್ಳಲಿಕ್ಕೆಂದೇ ಮಾಡಿದ್ದು.

ಪುಸ್ತಕ ಮುಚ್ಚಿ, ಬುತ್ತಿ ತೆಗೆದುಕೊಂಡು ಕೆಲಸಕ್ಕೆ ಹೋದರು. ನನ್ನ ಮೇಜು ಮತ್ತೆ ಕುಣಿಯತೊಡಗಿತು.

ಶುಕ್ರವಾರ ಮಾದರಿಯನ್ನು ಸೋಪಿನ ನೀರಿನಲ್ಲಿ ತೊಳೆದು, ಒರೆಸಿ, ಮತ್ತೆ ಓಡುವ ಹಾಗೆ ಮಾಡಿದರು. "ನಾಳೆ ಹೇಳ್ತೀರಾ?" ಎಂದೆ. "ಏನನ್ನ?" ಎಂದರು. "ಗೊತ್ತಿದ್ದೂ ಕೇಳ್ತೀರಲ್ಲ" ಎಂದೆ. "ನಾಳೆ ಬರೋರು ಗೇರ್‌ಬಾಕ್ಸ್ ನೋಡೋಕೆ, ನಮ್ಮ ಮನೆ ಪಂಚಾಯ್ತಿ ಕೇಳೋಕಲ್ಲ" ಎಂದರು. ನಾನು ಮುಂದೆ ಮಾತು ಬೆಳೆಸಲಿಲ್ಲ. ಮಾದರಿಯನ್ನು ಇಟ್ಟ ಚೀಲದ ತಳದಲ್ಲಿ, ಒರೆಸುವ ಬಟ್ಟೆಯಲ್ಲಿ ಸುತ್ತಿ, ನನ್ನ ಮಷೀನಿನ ಎಣ್ಣೆ ಡಬ್ಬಿ ಇಟ್ಟೆ.

ಸ್ಕೂಟರಿನಲ್ಲಿ ಮಾದರಿ ಅಲುಗಾಡಬಾರದಲ್ಲ, ಅದಕ್ಕೆ ಅದನ್ನು ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂತು ನಾನೂ ಹೋದೆ. ಗ್ಯಾರೇಜಿನ ಬಾಗಿಲಲ್ಲೇ ಕಾರು ತೊಳೆಯುವ ಜಾಗ. ನನ್ನ ತಮ್ಮ ರಬ್ಬರ್ ಬೂಟು ಹಾಕಿಕೊಂಡು ಒಂದು ಬಿಳಿ ಕಾರಿಗೆ ನೀರು ಬಿಡುತ್ತಿದ್ದ. ಇವರು ಚೀಲ ತೆಗೆದುಕೊಂಡು ಅವನ ಕಡೆ ನೋಡದೆ ಒಳಗೆ ಹೋದರು. ನಾನು ನಿಂತೆ. ಸೊರಗಿದ್ದ. ಬೆನ್ನಿನ ಮೇಲೆ ಒಂದು ಕೈ ಇಟ್ಟುಕೊಂಡೇ ನೆಟ್ಟಗಾದ.

"ಮೇಸ್ತ್ರಿ ಮಾದರಿ ಚೆನ್ನಾಗಿದೆಯಂತೆ" ಎಂದ. ಮೊದಲೆಲ್ಲ ಭಾವ ಎನ್ನುತ್ತಿದ್ದವನು.

"ಎಣ್ಣೆ" ಎಂದೆ. "ಡ್ರಮ್ಮಿನ ಎಣ್ಣೆ ಹಾಕಿದ್ದು ಅವರು. ನಂಗೆ ಮೊನ್ನೆ ಗೊತ್ತಾಯ್ತು ಕಣೋ."

ಅವನು ಪೈಪಿನ ಬಾಯಿ ಬೆರಳಲ್ಲಿ ಮುಚ್ಚಿ ಚಕ್ರಕ್ಕೆ ನೀರು ಹಾಯಿಸಿದ. "ನಂಗೆ ಆವತ್ತೇ ಗೊತ್ತಿತ್ತು ಅಕ್ಕ. ಹುಯ್ಯೋವಾಗ್ಲೇ ಹೇಳ್ದೆ, ಡಬ್ಬೀದು ಹಾಕಬೇಕಂತೆ ಅಂತ. ಕೊಳವೆ ಹಿಡಿಯೋದು ನೀನೋ ನಾನೋ ಅಂದ್ರು."

"ಮತ್ತೆ ಮಾಲೀಕರ ಮುಂದೆ ಯಾಕೋ ಬಾಯಿ ಬಿಡಲಿಲ್ಲ?"

"ಬಿಟ್ಟಿದ್ರೆ ನೀನು ಆ ಮನೇಲಿ ಹೆಂಗಿರ್ತಿದ್ದೆ?" ಎಂದು ಬಕೆಟ್ಟು ಎತ್ತಿಕೊಂಡು ಕಾರಿನ ಆಚೆ ಬದಿಗೆ ಹೋದ.

ನಾನು ಅಲ್ಲೇ ಅತ್ತೆ. ಯಾರಾದರೂ ಕೇಳಿದ್ದರೆ ನೀರು ಸಿಡಿಯಿತು ಎನ್ನುತ್ತಿದ್ದೆ. ಯಾರೂ ಕೇಳಲಿಲ್ಲ.

ತರಬೇತಿಯ ಕೋಣೆಯಲ್ಲಿ ಇಪ್ಪತ್ತು ಜನ. ನಾನು ಬಾಗಿಲಲ್ಲಿ ನಿಂತೆ. ನಮ್ಮವರು ಮಾತಾಡುವುದರಲ್ಲಿ ಎತ್ತಿದ ಕೈ. ಹಿಡಿಕೆ ತಿರುಗಿಸಿ, ಬೆಲ್ಟು ಸರಿಸಿ, ಹಲ್ಲಿಲ್ಲದಿರುವುದೇ ಇದರ ಹೆಚ್ಚುಗಾರಿಕೆ ಎಂದು ಹೊಗಳಿದ್ದೇ ಹೊಗಳಿದ್ದು. ಇದನ್ನು ಬೈದ ಮನುಷ್ಯ ಇವರೇನಾ ಎಂದು ನನಗೇ ಅನುಮಾನ ಬಂತು. ಕಂಪನಿಯ ಮೇಡಂ ಫೋಟೋ ತೆಗೆದರು. ಮಾಲೀಕರು ಹಿಗ್ಗಿ ಹೀರೇಕಾಯಿಯಾದರು. ಎಲ್ಲ ಮುಗಿದು, ಮಾದರಿಯನ್ನು ಒರೆಸಿ ಒಳಗಿಡೋಣವೆಂದು ಇವರು ಚೀಲಕ್ಕೆ ಕೈ ಹಾಕಿ ಬಟ್ಟೆ ಎಳೆದರು. ಬಟ್ಟೆಯ ಜೊತೆಗೆ ಎಣ್ಣೆ ಡಬ್ಬಿ ಕೈಗೆ ಬಂತು.

ಅದನ್ನು ನೋಡಿದರು. ಬಾಗಿಲ ಕಡೆ ನೋಡಿದರು. ನಾನು ಕಣ್ಣು ತಪ್ಪಿಸಲಿಲ್ಲ. ಡಬ್ಬಿಯನ್ನು ಮತ್ತೆ ಚೀಲಕ್ಕೆ ಹಾಕಿದ್ದರೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ.

"ಇನ್ನೊಂದಿದೆ" ಎಂದರು. ಬೆಲ್ಟಿನ ಮೇಲೆ ನಾಲ್ಕು ಹನಿ ಬಿಟ್ಟು ಹಿಡಿಕೆ ತಿರುಗಿಸಿದರು. ಕೆಂಪು ಚಕ್ರ ನಿಂತುಬಿಟ್ಟಿತು. "ವಾಪಸ್ ಬಂದ ಮೂರು ಕಾರಲ್ಲೂ ಆಗಿದ್ದು ಇದೇ. ಜೋಡಣೆ ಸರಿಯಾಗಿತ್ತು. ಎಣ್ಣೆ ತಪ್ಪು. ಹಾಕಿದವನು ನಾನು."

ಮಾಲೀಕರು ಎದ್ದು ಚಪ್ಪಾಳೆ ತಟ್ಟಿದರು.

"ನೋಡಿದ್ರಾ? ಇದು ದೊಡ್ಡತನ ಅಂದ್ರೆ! ಬಾಮೈದನ ತಪ್ಪನ್ನ ತನ್ನ ತಲೆ ಮೇಲೆ ಹಾಕ್ಕೊಂಡು ಎಂಥಾ ಪಾಠ ಮಾಡಿದ್ರು!"

ಎಲ್ಲರೂ ಚಪ್ಪಾಳೆ ಹೊಡೆದರು. ಮೇಡಂ ಕೂಡ. ಇವರು "ಅಲ್ಲ ಸಾರ್, ನಿಜವಾಗ್ಲೂ ನಾನೇ" ಎಂದರು. ಚಪ್ಪಾಳೆ ಇನ್ನೂ ಜೋರಾಯಿತು. ನನಗೆ ನಗು ಬಂತು, ಸಂಕಟವೂ ಬಂತು. ಮೂವತ್ತೊಂದು ವರ್ಷ ತಾನು ತಪ್ಪೇ ಮಾಡುವುದಿಲ್ಲ ಎಂದು ಊರಿಗೆಲ್ಲ ನಂಬಿಸಿದ ಮನುಷ್ಯ ಈಗ ತಪ್ಪು ಮಾಡಿದೆ ಎಂದರೆ ಯಾರೂ ನಂಬಲು ತಯಾರಿಲ್ಲ. ಇಷ್ಟಕ್ಕೇ ಬಿಟ್ಟಿದ್ದರೆ ತಪ್ಪು ಒಪ್ಪಿಕೊಂಡ ಪುಣ್ಯವೂ ಇವರದು, ಹೊಸ ವಿಭಾಗವೂ ಇವರದು, ನೀರಿನ ಪೈಪು ಮಾತ್ರ ನನ್ನ ತಮ್ಮನದು.

ಇವರ ಮುಖ ಕೆಂಪಗಾಯಿತು. ಹೊಗಳಿಸಿಕೊಂಡು ಸಿಟ್ಟಾಗಿದ್ದು ನಾನು ನೋಡಿದ್ದು ಅವತ್ತೇ. "ಆ ಮೂರನೇ ಕಾರು ಹೊಸ ಬೆಲ್ಟಿಗೆ ಕಾಯ್ತಾ ಇನ್ನೂ ಶೆಡ್ಡಲ್ಲೇ ನಿಂತಿದೆ, ಒಳಗಿನ ಎಣ್ಣೆ ಹಾಗೇ ಇದೆ. ಬನ್ನಿ ಎಲ್ರೂ" ಎಂದು ಹೊರಟೇಬಿಟ್ಟರು. ಹೋಗುತ್ತಾ ತೊಳೆಯುವ ಜಾಗದತ್ತ ಕೂಗಿದರು, "ಏಯ್, ಹದಿನಾಲ್ಕರ ಸ್ಪ್ಯಾನರ್ ತಗೊಂಡು ಬಾ!"

ತಮ್ಮ ಬಂದ, ಒದ್ದೆ ಬೂಟಿನಲ್ಲೇ. ಕಾರಿನ ಕೆಳಗೆ ತೂರಿ ತಳದ ಬೋಲ್ಟು ಬಿಚ್ಚಿದ. ಬಿಳಿ ಬೇಸಿನ್ನಿಗೆ ಎಣ್ಣೆ ಇಳಿಯಿತು. ಕಂಪನಿಯ ಡಬ್ಬಿಯ ಎಣ್ಣೆ ತಿಳಿ ಹಸಿರು; ಇದು ಬೆಲ್ಲದ ಪಾಕದ ಬಣ್ಣ. ಮಾಲೀಕರು ಬೆರಳಲ್ಲಿ ಅದ್ದಿ ಮೂಸಿದರು. ಆ ಡ್ರಮ್ಮಿನ ವಾಸನೆ ಗೊತ್ತಿಲ್ಲದವರು ಅಲ್ಲಿ ಯಾರೂ ಇರಲಿಲ್ಲ. ಕೊನೆಯ ಎಣ್ಣೆ ಯಾರ ಕೈಯಿಂದ ಬೀಳುತ್ತದೆ ಎಂದು ಗೊತ್ತಿಲ್ಲದವರೂ ಇರಲಿಲ್ಲ. ಈ ಸಲ ಚಪ್ಪಾಳೆ ಬೀಳಲಿಲ್ಲ.

"ಈ ವಿಭಾಗ ಅವನು ನೋಡ್ಕೊಳ್ಳಲಿ" ಎಂದು ಮಾಲೀಕರು ತಮ್ಮನತ್ತ ಕೈ ತೋರಿಸಿದರು. ಇವರ ಮುಖ ನೋಡದೆ, "ಮೇಸ್ತ್ರಿ, ನೀವು ಒಂದು ತಿಂಗಳು... ತೊಳೆಯೋ ಕಡೆ ಜನ ಇಲ್ಲ" ಎಂದರು.

ಮಾದರಿಯನ್ನು ಗ್ಯಾರೇಜಿನಲ್ಲೇ ಇಟ್ಟುಕೊಂಡರು. ಕಾರು ತೊಳೆಸಲು ಬಂದವರು ಕಾಯುತ್ತಾ ಕೂರುವ ಕಡೆ, ಗಾಜಿನ ಕಪಾಟಿನಲ್ಲಿ, "ನಮ್ಮ ಮೇಸ್ತ್ರಿಯವರ ಕೈಚಳಕ" ಎಂದು ಚೀಟಿ ಅಂಟಿಸಿ. ಕೋನು ಯಾರದ್ದು ಎಂದು ಚೀಟಿಯಲ್ಲಿ ಬರೆದಿಲ್ಲ.

ಒಂದು ವಾರ ಕಳೆದ ಮೇಲೆ, ಭಾನುವಾರ ಮಧ್ಯಾಹ್ನ ಬಾಗಿಲು ಬಡಿದ ಸದ್ದಾಯಿತು. ನಾನು ಮೂರು ತಟ್ಟೆ ಹಾಕಿಯೇ ಇಟ್ಟಿದ್ದೆ. ಗೆದ್ದವನು ನನ್ನ ತಮ್ಮ, ಸೋತವರು ನನ್ನ ಗಂಡ, ಎಣ್ಣೆ ಡಬ್ಬಿ ಇಟ್ಟವಳು ನಾನು. ಖುಷಿಪಡಬೇಕೋ ಅಳಬೇಕೋ ತಿಳಿಯದೆ ಇಬ್ಬರಿಗೂ ಬೇಡ ಬೇಡ ಎಂದರೂ ಬಡಿಸಿದ್ದೇ ಬಡಿಸಿದ್ದು. ಇಬ್ಬರೂ ತಟ್ಟೆಯಿಂದ ತಲೆ ಎತ್ತಲಿಲ್ಲ. ಒಂದು ವಾರ ನೀರಲ್ಲಿ ನೆನೆದ ಇವರ ಬೆರಳುಗಳು ಬೆಳ್ಳಗೆ ಸುಕ್ಕಾಗಿದ್ದವು. ನೀರಿನ ಲೋಟ ತೆಗೆದುಕೊಳ್ಳಲು ಬಗ್ಗಿದವರು ಸೊಂಟ ಹಿಡಿದುಕೊಂಡು "ಅಮ್ಮಾ" ಎಂದರು.

ತಮ್ಮ ಊಟ ನಿಲ್ಲಿಸಿ ನೋಡಿದ. "ಪೈಪ್ ಬಲಗೈಲಿ ಹಿಡೀತೀರಾ ಭಾವ? ಎಡಗೈಲಿ ಹಿಡ್ಕೊಳ್ಳಿ, ಕಾರಿನ ಹಿಂದಿನಿಂದ ಶುರು ಮಾಡಿ. ಬೆನ್ನು ಹಿಡಿಯಲ್ಲ."

ಇವರು ಹುಬ್ಬು ಗಂಟಿಕ್ಕಿದರು. "ನಂಗೆ ಹೇಳ್ಕೊಡ್ತೀಯೇನೋ ನೀನು?"

ಅವನು ಮತ್ತೆ ಅನ್ನ ಕಲಸತೊಡಗಿದ. ನಾನು ಸೌಟು ಹಿಡಿದು ನಿಂತೆ. ಇವರು ಎರಡು ತುತ್ತು ತಿಂದರು, ನೀರು ಕುಡಿದರು, ಲೋಟ ಕೆಳಗಿಟ್ಟರು.

"ಯಾವ ಕೈಲಿ ಅಂದೆ?"